ಗೋಡೆಯ ಮೇಲೆ ನಡೆಯುವ ಅಕ್ಕನಿಗೆ

ಮುತ್ತೈದೆಯಾಗಿ ಹೋದ ಸುಂದ್ರಮ್ಮಣ್ಣಿ ಅಕ್ಕನಿಗೆ, ನಿನ್ನ ಮನೆಯಲ್ಲೇ ಇದ್ದುಕೊಂಡು ನೀನು ಹಚ್ಚುತ್ತಿದ್ದ ದೀಪವನ್ನೇ ಹಚ್ಚುವ ಪುಟ್ಟಮಲ್ಲಮ್ಮ ಮಾಡುವ ಶರಣು.

ಕುಂತೂರಿನಲ್ಲಿ ನಾವೆಲ್ಲ ಮಾದಪ್ಪನ ದಯೆಯಿಂದ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಶಾಗ್ಯದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಕಾಗದ ಬರೆಯುವುದನ್ನು ಮೇಷ್ಟ್ರು ಕಲಿಸಿದ್ದರು, ತೀರಿಹೋದವರಿಗೆ ಹೇಗೆ ಬರೆಯಬೇಕೆಂದು ಕಲಿಸಲಿಲ್ಲ. ಬಾಯಿಬಿಟ್ಟೇ ಹೇಳಬಹುದಿತ್ತು, ದಿನಾ ಬೆಳಿಗ್ಗೆ ನಿನ್ನ ಹತ್ತಿರ ಮಾತಾಡುತ್ತಲೂ ಇದ್ದೆ. ಆದರೆ ಈಗ ಹೇಳಬೇಕಾಗಿರುವುದು ಹೊಟ್ಟೆಕಿಚ್ಚಿನ ಮಾತು. ಅದು ಯಜಮಾನರ ಕಿವಿಗೆ ಬೀಳಬಾರದು. ನಮ್ಮ ಯಜಮಾನರು ಎಂದೇ ಬರೆಯುತ್ತೇನೆ. ಯಾರ ಯಜಮಾನರು ಎಂದು ನೀನು ಕೇಳಬೇಡ.

ನನ್ನ ಮದುವೆಯ ದಿನ ಅತ್ತೆ ದೊಡ್ಡಮಾದಮ್ಮನವರು ನನ್ನ ತಾಳಿಯ ಪಕ್ಕದಲ್ಲಿ ಸವತಿ ಬಿಲ್ಲೆ ಪೋಣಿಸಿದರು. ಬೆಳ್ಳಿಯ ಸಣ್ಣ ಬಿಲ್ಲೆ, ಅದರ ಮೇಲೆ ಒಂದು ಹೆಣ್ಣಿನ ಗೆರೆ. ಎರಡನೇ ಸಂಬಂಧಕ್ಕೆ ಬಂದವಳು ಹೋದವಳನ್ನು ಕೊರಳಲ್ಲಿ ಹೊತ್ತುಕೊಂಡೇ ಇರಬೇಕು, ಅದು ಈ ಮನೆಯ ಕಟ್ಟಲೆ. "ಮೊದ್ಲು ಅವ್ಳಿಗೆ ಕುಂಕ್ಮ ಇಕ್ಕು, ಆಮೇಕ್ ನಿಂಗೆ. ಇಲ್ದೋದ್ರ ನೊಂದ್ಕತಾಳೆ" ಎಂದರು. ಅವತ್ತಿನಿಂದ ಇವತ್ತಿನವರೆಗೆ ಹಾಗೇ ಮಾಡಿದ್ದೇನೆ. ಜ್ವರ ಬಂದು ಮಲಗಿದಾಗಲೂ ನಿನ್ನ ಹಣೆಗೆ ಇಟ್ಟು ಆಮೇಲೆ ನನ್ನ ಹಣೆಗೆ ಇಟ್ಟುಕೊಂಡಿದ್ದೇನೆ. ಬಿಲ್ಲೆಯ ಮೇಲಿದ್ದ ಗೆರೆ ಸವೆದು ಸವೆದು ಈಗ ನುಣ್ಣಗಾಗಿದೆ. ನಿನಗೆ ಮುಖ ಇರಲಿಲ್ಲ ಅಕ್ಕ. ಮುಖ ಇಲ್ಲದವಳ ಜೊತೆ ಬಾಳುವುದು ಸುಲಭ.

ನಡುಮನೆಯಲ್ಲಿ ನಿನ್ನ ಫೋಟೋ ಇದೆ ನಿಜ. ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕುಂತು, ಉಸಿರು ಬಿಗಿಹಿಡಿದು ತೆಗೆಸಿಕೊಂಡದ್ದು. ಅದನ್ನು ನೋಡಿದರೆ ಯಾರಿಗೂ ಹೊಟ್ಟೆಕಿಚ್ಚು ಬರುವುದಿಲ್ಲ. ಅದಕ್ಕೆ ಹೂವು ಮುಡಿಸಿ, ಧೂಳು ಒರೆಸಿ, ನೀನು ಬಿಟ್ಟುಹೋದ ಎರಡು ವರ್ಷದ ಕೂಸನ್ನು ಬೆನ್ನಿಗೆ ಹಾಕಿಕೊಂಡು ನಾನು ಸಂಸಾರ ಮಾಡಿದೆ. ರಂಜಿನಿ ನನ್ನನ್ನು ಮೊದಲು 'ಅವ್ವ' ಎಂದಾಗ ಅತ್ತೆ "ಚಿಕ್ಕವ್ವ ಅನ್ನು" ಎಂದು ತಿದ್ದಿದರು. ಆ ಹಟಮಾರಿ ತಿದ್ದಿಕೊಳ್ಳಲಿಲ್ಲ. ನನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ, ನಿನಗೆ ಗೊತ್ತೇ ಇದೆ. ಆ ಒಂದು ಮಾತಿನ ಮೇಲೆ ನಾನು ನಿಂತಿದ್ದೇನೆ. ಈ ಲೋಕದಲ್ಲಿ ನನ್ನನ್ನು ಅವ್ವ ಎನ್ನುವ ಜೀವ ಅದೊಂದೇ.

ಇನ್ನೊಂದು ಹೇಳಿಬಿಡುತ್ತೇನೆ. ಪಿತೃಪಕ್ಷದ ಅಮಾವಾಸ್ಯೆಯಲ್ಲಿ ನಿನಗೆ ಎಡೆ ಇಟ್ಟು ಹೊಸ ಸೀರೆ ಮಡಗುತ್ತೇವಲ್ಲ, ಆಮೇಲೆ ಆ ಸೀರೆಯನ್ನು ಉಡುವವಳು ನಾನೇ. ಅದಕ್ಕೆ ಪ್ರತಿ ವರ್ಷ ಕೊಳ್ಳೇಗಾಲದ ಅಂಗಡಿಯಲ್ಲಿ ನನಗೆ ಒಪ್ಪುವ ಬಣ್ಣವನ್ನೇ ಆರಿಸಿ ತರುತ್ತಿದ್ದೆ. ನೇರಳೆ, ಇಲ್ಲವೇ ಅರಿಶಿನ. ನಿನಗೆ ಯಾವ ಬಣ್ಣ ಇಷ್ಟವೆಂದು ನಾನು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಮ್ಮಿಬ್ಬರ ಸಂಸಾರ ಹೀಗೇ ಸುಖವಾಗಿ ನಡೆದಿತ್ತು.

ಈ ವರ್ಷ ಆಷಾಢದಲ್ಲಿ ನಿಮ್ಮಣ್ಣ ಶಾಂತಮೂರ್ತಿಯವರು ಕೊಳ್ಳೇಗಾಲದ ಹಳೇ ಮನೆಯನ್ನು ಕೆಡವಿಸಿದರು. ಅಟ್ಟದ ಮೇಲಿದ್ದ ಒಂದು ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿ ನಮ್ಮ ಮನೆಗೆ ಕಳಿಸಿದರು. ನಿನ್ನ ಮದುವೆಗೆ ಅವರು ಮದರಾಸಿನ ಬರ್ಮಾ ಬಜಾರಿನಿಂದ ತಂದುಕೊಟ್ಟಿದ್ದ ಸಿನಿಮಾ ಕ್ಯಾಮರಾ ಮತ್ತು ಪ್ರೊಜೆಕ್ಟರು. ನೀನು ಕಾಮಾಲೆಯಲ್ಲಿ ಹೋದ ಮೇಲೆ ಯಜಮಾನರು ಅದನ್ನು ನೋಡಲಾರದೆ ಅಣ್ಣನ ಮನೆಗೆ ವಾಪಸು ಕಳಿಸಿದ್ದರಂತೆ. ಮನೆಯಲ್ಲಿ ಇಂಥದೊಂದು ಇತ್ತು ಎಂಬ ವಿಷಯವನ್ನೇ ನನಗೆ ಯಾರೂ ಹೇಳಿರಲಿಲ್ಲ. ಪೆಟ್ಟಿಗೆಯೊಳಗೆ ಪುಟ್ಟ ಪುಟ್ಟ ಹಳದಿ ಡಬ್ಬಿಗಳು, ಡಬ್ಬಿಗೊಂದು ಅಂಗೈ ಅಗಲದ ಸುರುಳಿ. ಬೊಂಬಾಯಿಗೆ ಅಂಚೆಯಲ್ಲಿ ಕಳಿಸಿ ತೊಳೆಸಿ ತರಿಸಿದ್ದಂತೆ. ಯಜಮಾನರು ಅವನ್ನು ಹಳೇ ಪಂಚೆಯಲ್ಲಿ ಒರೆಸಿ ಒರೆಸಿ ಇಟ್ಟರು. ಹಾಲು ಕುಡಿಯುವ ಕೂಸನ್ನು ಒರೆಸುವ ಹಾಗೆ ಒರೆಸಿದರು.

ಒಂದು ಸಂಜೆ ಕಿಟಕಿ ಮುಚ್ಚಿ ನಡುಮನೆಯ ಗೋಡೆಗೆ ಬೆಳಕು ಬಿಟ್ಟರು. ಮಿಷನ್ನು ಟಕಟಕ ಅಂದಿತು. ಅಷ್ಟೇ, ನೀನು ಬಂದೆ.

ನಮ್ಮ ಬೀದಿಯಲ್ಲೇ ಬಂದೆ. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಓಡಿ ಒಂದು ಜಲ್ಲೆ ಎಳೆದುಕೊಂಡೆ. ಹಲ್ಲಿನಲ್ಲಿ ಸಿಪ್ಪೆ ಸಿಗಿದು ಉಗುಳಿದೆ. ಆಮೇಲೆ ನೇರ ನನ್ನ ಕಡೆಗೇ ನಡೆದು ಬಂದು, ಕೈ ಬೀಸಿ, ಬಾಯಿ ತುಂಬ ನಕ್ಕೆ. ಗಿಳಿಹಸಿರು ಸೀರೆ. ಎರಡು ಜಡೆ. ನಗುವಾಗ ಒಳಗಿನ ಹಲ್ಲೆಲ್ಲ ಕಾಣುತ್ತಿತ್ತು. ನಿನ್ನ ತುಟಿ ಒಂದು ಕ್ಷಣ ಸುಮ್ಮನಿರಲಿಲ್ಲ, ಏನೋ ಹೇಳುತ್ತಲೇ ಇದ್ದೆ, ಮಾತಿನ ಮಲ್ಲಿಯ ಹಾಗೆ. ಅದಕ್ಕೆ ಸದ್ದು ಮಾತ್ರ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ಯಾಕೆ ಗೊತ್ತಾ? ನಾನು ಈ ಮನೆಗೆ ಬಂದ ಹೊಸದರಲ್ಲಿ ಒಮ್ಮೆ ಜಗಲಿಯಲ್ಲಿ ನಕ್ಕದ್ದಕ್ಕೆ ಅತ್ತೆ ನನ್ನ ರೆಟ್ಟೆ ಹಿಡಿದು ಒಳಗೆ ಎಳೆದಿದ್ದರು. "ಸುಂದ್ರಮ್ಮಣ್ಣಿ ನಕ್ಕುದ್ದು ಯಾರ್ಗೂ ಕೇಳ್ತಿರ್ನಿಲ್ಲ ಕನಮ್ಮಿ. ಸಾಧು ಅಂದ್ರೆ ಸಾಧು" ಎಂದರು. ಯಜಮಾನರೂ ಹೂಂಗುಟ್ಟಿದರು. ಅವತ್ತಿನಿಂದ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕವಳು. ಮಾತು ನುಂಗಿದವಳು. ನಿನ್ನ ಹಾಗೆ ಆಗಲು ಅಷ್ಟು ವರ್ಷ ಹೆಣಗಿದೆ. ಗೋಡೆಯ ಮೇಲೆ ನೋಡಿದರೆ, ನೀನೇ ನಿನ್ನ ಹಾಗೆ ಇರಲಿಲ್ಲ.

ಅದು ನೀನು ಮಾಡಿದ ಮೋಸ ಅಲ್ಲ, ತಿಳಿಯುತ್ತದೆ. ಸತ್ತವರನ್ನು ಸಾಧು ಮಾಡುವುದು ಉಳಿದವರ ಕೆಲಸ. ಆದರೂ ಉರಿ ನಿನ್ನ ಮೇಲೇ ತಿರುಗಿತು. ಅದಕ್ಕಿಂತ ಹೆಚ್ಚಾಗಿ ಉರಿದದ್ದು ಯಜಮಾನರ ಮುಖ ನೋಡಿ. ಗೋಡೆಯ ಬೆಳಕು ಅವರ ಕನ್ನಡಕದಲ್ಲಿ ಆಡುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅರವತ್ತು ದಾಟಿದ ಗಂಡಸು ಮದುವಣಿಗನ ಹಾಗೆ ಕುಂತಿದ್ದರು. ನನ್ನನ್ನು ಅವರು ಹಾಗೆ ಒಂದು ದಿನ ನೋಡಿದ್ದಿಲ್ಲ. ನಿನ್ನನ್ನು ಕ್ಯಾಮರಾದಲ್ಲಿ ಹಿಂಬಾಲಿಸಿಕೊಂಡು ಬೀದಿಯುದ್ದಕ್ಕೂ ಹಿಂದಕ್ಕೆ ಹಿಂದಕ್ಕೆ ನಡೆದಿದ್ದಾರೆ, ಚಿತ್ರ ಅಲುಗಾಡಿದ್ದರಲ್ಲೇ ಗೊತ್ತಾಗುತ್ತದೆ. ನನ್ನ ಜೊತೆ ಬರುವಾಗ ಯಾವಾಗಲೂ ನಾಲ್ಕು ಮಾರು ಮುಂದೆ ಹೋಗುವವರು ಅವರು.

ಮೂರು ನಿಮಿಷವೂ ಆಗಲಿಲ್ಲ, ಸುರುಳಿ ಮುಗಿದು ಗೋಡೆ ಬಿಳಿಯಾಯಿತು. ನಾನು ಉಸಿರು ಬಿಟ್ಟೆ. ಅವರು ಮಾತ್ರ "ಥೂ, ನೋಡೋ ಅಷ್ಟೊತ್ಗೆ ಓಯ್ತಾಳೆ" ಎಂದರು.

ಅದೇ ಮಾತು ಅವರ ತಲೆಯಲ್ಲಿ ಕೂತಿತು. ಎಲ್ಲ ಪುಟ್ಟ ಸುರುಳಿಗಳನ್ನೂ ಒಂದಕ್ಕೊಂದು ಅಂಟಿಸಿ ಒಂದೇ ದೊಡ್ಡ ಸುರುಳಿ ಮಾಡಬೇಕು, ನೀನು ನಿಲ್ಲದೆ ಅರ್ಧ ಗಂಟೆ ಇರಬೇಕು. ಆದರೆ ಆ ಮಿಷನ್ನಿಗೆ ದೊಡ್ಡ ಸುರುಳಿ ಹಿಡಿಸುವುದಿಲ್ಲ. ಮೇಲೊಂದು ಕೆಳಗೊಂದು ತೋಳು ಇವೆ, ಮೇಲಿನ ತೋಳಿನ ಚಕ್ರದಿಂದ ಬಿಚ್ಚಿಕೊಂಡ ಫಿಲಂ ದೀಪದ ಮುಂದೆ ಹಾದು ಕೆಳಗಿನ ಚಕ್ರಕ್ಕೆ ಸುತ್ತಿಕೊಳ್ಳಬೇಕು. ಎರಡು ತೋಳೂ ಗೇಣುದ್ದವೂ ಇಲ್ಲ. ದೊಡ್ಡ ಚಕ್ರ ಹಾಕಿದರೆ ಮಿಷನ್ನಿನ ಮೈಗೇ ತಗಲುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ರಿಟೈರಾದವರು ಸುಮ್ಮನಿರುತ್ತಾರೆಯೇ? ಯಳಂದೂರಿನಲ್ಲಿ ಲೇತ್ ಇಟ್ಟಿರುವ ನಟರಾಜುವಿನ ಹತ್ತಿರ ಓಡಾಡತೊಡಗಿದರು. ನಾನೂ ಒಂದು ದಿನ ಜೊತೆಗೆ ಹೋಗಿದ್ದೆ. ನಟರಾಜು ಮಿಷನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಸಾ, ಈ ವಯ್ಸಲ್ಲಿ ಟೆಂಟ್ ಆಕ್ತೀರಾ? ಟಿಕೀಟು ಎಷ್ಟು?" ಎಂದ. ಇವರು ನಗಲಿಲ್ಲ. "ತೋಳು ಉದ್ದ ಮಾಡ್ಲಾ, ಮಾತ್ ಉದ್ದ ಮಾಡ್ಬ್ಯಾಡ" ಎಂದರು. ಅವನು ನನ್ನ ಕಡೆ ತಿರುಗಿ "ಯಾವ್ ಪಿಚ್ಚರಮ್ಮ?" ಎಂದು ಕೇಳಿದ. "ನಮ್ಮಕ್ಕಂದು" ಎಂದೆ. ಅವನಿಗೆ ಏನು ಅರ್ಥವಾಯಿತೋ, ಬಾಯಿ ಮುಚ್ಚಿಕೊಂಡು ಪಟ್ಟಿ ಕಬ್ಬಿಣ ಕೊಯ್ದುಕೊಟ್ಟ.

ಅಕ್ಕ, ನೀನು ನಿಲ್ಲದೆ ನಡೆಯಲೆಂದು ಈ ಮನೆಯಿಂದ ಏನೇನು ಹೋಯಿತು, ಕೇಳು. ದೊಡ್ಡ ಚಕ್ರಕ್ಕೆ ನನ್ನ ತವರಿನಿಂದ ಬಂದ ಅಲ್ಯೂಮಿನಿಯಂ ತಟ್ಟೆಗಳು ಹೋದವು. ಅಂಚು ಕತ್ತರಿಸಿ, ಚಪ್ಪಟೆ ಬಡಿದು, ಎರಡೆರಡರ ನಡುವೆ ಮರದ ಗುಂಡು ಸೇರಿಸಿ ಜೋಡಿಸಿದರು. ಉದ್ದವಾದ ತೋಳಿನ ಭಾರಕ್ಕೆ ಮಿಷನ್ನು ಮುಗ್ಗರಿಸುತ್ತಿತ್ತು. ಅದರ ಬುಡಕ್ಕೆ ಹಲಗೆ ಕಟ್ಟಿ, ಹಲಗೆಯ ಮೇಲೆ ನನ್ನ ಒರಳಿನ ಗುಂಡುಕಲ್ಲನ್ನು ಹೇರಿದರು. ಕೆಳಗಿನ ಚಕ್ರ ತಿರುಗುವುದಕ್ಕೆ ಮೋಟರಿನಿಂದ ಅಲ್ಲಿಯವರೆಗೆ ಬೆಲ್ಟು ಬೇಕಲ್ಲ, ಹಳೆಯದು ಸಾಲದು. ನನ್ನ ಹೊಲಿಗೆ ಮಿಷನ್ನಿನ ತೊಗಲಿನ ಬೆಲ್ಟನ್ನು ಬಿಚ್ಚಿಕೊಂಡರು. ಹಬ್ಬದ ಮುಂಚೆ ಬೀದಿಯವರೆಲ್ಲ ರವಿಕೆ ತಂದು ಹಾಕುವ ಕಾಲ. "ಬೇರೆ ತಂದ್ಕೊಡ್ತೀನಿ ಸುಮ್ನಿರಮ್ಮಿ" ಎಂದರು. ತಂದುಕೊಡಲಿಲ್ಲ. ಕೊಟ್ಟಿಗೆಯ ಬಾಗಿಲ ಕೀಲು ಕಿತ್ತುಹೋಗಿದೆ ಎಂದು ನಾನು ಹೇಳತೊಡಗಿ ಯಾವ ಕಾಲವಾಯಿತು, ಫಿಟ್ಟರ ಮನೆಯಲ್ಲಿ ಆ ಬಾಗಿಲಿಗೆ ಇವತ್ತಿಗೂ ಹಗ್ಗವೇ ಗತಿ. ನಿನ್ನ ಫಿಲಮ್ಮನ್ನು ಮಾತ್ರ ಬ್ಲೇಡಿನಲ್ಲಿ ಕೊಯ್ದು, ಸಣ್ಣ ತೂತಿಗೆ ಸಣ್ಣ ತೂತು ಕೂಡಿಸಿ, ಉಸಿರು ತಾಕದ ಹಾಗೆ ಟೇಪು ಅಂಟಿಸುತ್ತಿದ್ದರು. ಊಟಕ್ಕೆ ಕರೆದರೆ "ಬಂದೆ ಬಂದೆ" ಎನ್ನುವರು. ಮುದ್ದೆ ಆರಿ ಕಲ್ಲಾಗುತ್ತಿತ್ತು.

ಒಂದು ಬೆಳಿಗ್ಗೆ ನಿನಗೆ ಕುಂಕುಮ ಇಡುವಾಗ ನನ್ನ ಕೈ ನಿಂತಿತು. ಮೊದಲು ನನ್ನ ಹಣೆಗೆ ಇಟ್ಟುಕೊಂಡುಬಿಡಲೇ ಅನ್ನಿಸಿತು. ಇಟ್ಟುಕೊಳ್ಳಲಿಲ್ಲ, ಮಾದಪ್ಪ ನೋಡುತ್ತಾನೆ. ಆದರೆ ಅನ್ನಿಸಿದ್ದು ಸುಳ್ಳಲ್ಲ.

ಇಷ್ಟಾದರೂ ಯಜಮಾನರನ್ನು ನಾನು ಸಹಿಸಿಕೊಳ್ಳುತ್ತಿದ್ದೆ. ಗಂಡಸರ ಹುಚ್ಚು ಮಳೆಗಾಲದ ಹಳ್ಳದ ಹಾಗೆ, ಇಳಿಯುತ್ತದೆ. ನನಗೆ ಭಯ ಹುಟ್ಟಿದ್ದು ರಂಜಿನಿಯ ಫೋನಿನಿಂದ. ಅವಳು ನಂಜನಗೂಡಿನಲ್ಲಿ ನರ್ಸು, ಗಂಡನ ಮನೆಯೂ ಅಲ್ಲೇ. ಅಪ್ಪ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದರು. "ಅವ್ವ, ಅಮಾಸೆಗೆ ಬತ್ತೀನಿ. ಅಮ್ಮನ್ನ ನೋಡ್ಬೇಕು" ಎಂದಳು. ಅವಳು ಅಮ್ಮ ಎಂಬ ಮಾತನ್ನು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫೋನು ಇಟ್ಟು ಹಿತ್ತಲಿಗೆ ಹೋಗಿ ನಿಂತುಕೊಂಡೆ. ಮುಖವಿಲ್ಲದ ನಿನಗೆ ದಿನಾ ಕೈಮುಗಿಸಿ ಅವಳನ್ನು ನಾನೇ ಬೆಳೆಸಿದೆ. ಈಗ ನೀನು ಮುಖ ತಂದುಕೊಂಡು, ಕಬ್ಬು ಕಡಿದುಕೊಂಡು, ನಗಾಡಿಕೊಂಡು ಬಂದರೆ ಅವಳು ಯಾರ ಹಿಂದೆ ಹೋಗುತ್ತಾಳೆ? ನನಗೆ ಐವತ್ತು, ಮೂಗುತಿಯ ಪಕ್ಕದಲ್ಲಿ ಬಂಗು, ಮಂಡಿನೋವು. ನಿನಗೆ ಇನ್ನೂ ಇಪ್ಪತ್ತಾರು. ನನ್ನ ಮಗಳಿಗಿಂತ ಚಿಕ್ಕವಳು ನೀನು, ನಿನ್ನನ್ನು ನಾನು ಅಕ್ಕ ಎನ್ನಬೇಕು. ಮುದುಕಿಯಾಗುವ ಕಷ್ಟವನ್ನೆಲ್ಲ ನನ್ನ ತಲೆಗೆ ಕಟ್ಟಿ ನೀನು ಹಾಗೇ ಉಳಿದುಬಿಟ್ಟೆ.

ಈ ಸಲದ ಸೀರೆಯನ್ನು ಯಜಮಾನರೇ ತಂದರು. ಗಿಳಿಹಸಿರು.

ಅಮಾವಾಸ್ಯೆಯ ದಿನ ರಂಜಿನಿ ಬೆಳಿಗ್ಗೆಯೇ ಬಂದಳು, ಒಬ್ಬಳೇ. ಕಜ್ಜಾಯ, ಪಾಯಸ, ಅವರೆಕಾಳಿನ ಸಾರು, ನಿನಗೆ ಇಡಬೇಕಾದ್ದನ್ನೆಲ್ಲ ಇಟ್ಟೆ. ಎಡೆ ಇಟ್ಟು ಬಾಗಿಲು ಹಾಕಿಕೊಂಡು ಎಂದಿನ ಹಾಗೆ ಹೊರಗೆ ನಿಂತೆವು. ಪ್ರತಿ ವರ್ಷ ಆ ಹೊತ್ತಿನಲ್ಲಿ ನೀನು ಬಂದು ಉಣ್ಣುತ್ತೀಯ ಎಂದು ನಂಬಿ ನಾನು ಕಣ್ಣು ಮುಚ್ಚುತ್ತೇನೆ. ಈ ಸಲ ಕಣ್ಣು ಮುಚ್ಚಿದರೆ ಬಾಯಿ ತುಂಬ ನಗುವ ಹೆಂಗಸು ನನ್ನ ಎಲೆಯ ಮುಂದೆ ಕುಂತು ಇದಕ್ಕೆ ಉಪ್ಪು ಸಾಲದು ಎನ್ನುವ ಹಾಗೆ ಕಂಡಿತು. ಊಟವಾದ ಮೇಲೆ ಗಿಳಿಹಸಿರು ಸೀರೆಯನ್ನು ನಾನು ಉಡಲಿಲ್ಲ. ರಂಜಿನಿ ಕೇಳಿದಳು, "ಯಾಕವ್ವ?" "ನಂಗ್ ಒಪ್ಪಲ್ಲ ಕಣ್ ಮಗ, ನೀನ್ ತಕಂಡೋಗು" ಎಂದೆ. ಯಜಮಾನರು ತಲೆ ತಗ್ಗಿಸಿದರು.

ಮಧ್ಯಾಹ್ನವೇ ಕಿಟಕಿಗಳಿಗೆ ಕಂಬಳಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿ ಕತ್ತಲೆ ಮಾಡಿದರು. ರಂಜಿನಿ ಗೋಡೆಯ ಹತ್ತಿರ ಚಾಪೆಯ ಮೇಲೆ ಕುಂತು, ಮೊಬೈಲನ್ನು ಎತ್ತಿ ಹಿಡಿದಳು. ಎಲ್ಲವನ್ನೂ ಅದರಲ್ಲಿ ತುಂಬಿಕೊಳ್ಳುತ್ತಾಳಂತೆ. ಯಜಮಾನರು ಮಿಷನ್ನಿನ ಮುಂದಿನ ಕಡೆ, ದೀಪದ ಹತ್ತಿರ. ನಾನು ಹಿಂದೆ, ಕೆಳಗಿನ ಚಕ್ರದ ಪಕ್ಕದಲ್ಲಿ ಮಣೆಯ ಮೇಲೆ. ಅಲ್ಲಿ ಕುಂತರೆ ಗೋಡೆಗಿಂತ ಮಿಷನ್ನೇ ಹೆಚ್ಚು ಕಾಣುತ್ತದೆ. ಅದಕ್ಕೇ ಅಲ್ಲಿ ಕುಂತೆ.

ಕಬ್ಬಿನ ಟ್ರ್ಯಾಕ್ಟರು ಬಂತು, ಹೋಯಿತು. ಬಿಳಿಗಿರಿರಂಗನ ಬೆಟ್ಟದ ಮೆಟ್ಟಿಲು ನೀನು ಹತ್ತಿದೆ. ಒಲೆ ಊದಿದೆ. ತಲೆ ಬಾಚಿಕೊಂಡೆ. ಹೊಟ್ಟೆ ದೊಡ್ಡದಾಯಿತು, ಕೈಯಲ್ಲಿ ಕೂಸು ಬಂತು. ಅಷ್ಟು ಹೊತ್ತಿಗೆ ಕೆಳಗಿನ ಚಕ್ರದಲ್ಲಿ ಫಿಲಂ ದಪ್ಪಗಾಗಿತ್ತು. ಮುಂಚೆ ಅರ್ಧ ಸುರುಳಿಯಲ್ಲೇ ಓಡಿಸಿ ನೋಡಿದ್ದರು, ಪೂರ್ತಿ ಭಾರ ಹೊತ್ತದ್ದು ಅವತ್ತೇ. ತೊಗಲಿನ ಬೆಲ್ಟು ಜಾರತೊಡಗಿತು. ಚಕ್ರ ನಿಂತಿತು. ಮೇಲಿನದು ಮಾತ್ರ ಬಿಚ್ಚಿಕೊಳ್ಳುತ್ತಲೇ ಇತ್ತು. ಫಿಲಂ ಸುತ್ತಿಕೊಳ್ಳದೆ ನನ್ನ ಪಾದದ ಮೇಲೆ ಬಿದ್ದು ಬಿದ್ದು ಗುಡ್ಡೆಯಾಗತೊಡಗಿತು, ಶಾವಿಗೆ ಒತ್ತಿದ ಹಾಗೆ.

ಕತ್ತಲಲ್ಲಿ ಅದು ಯಾರಿಗೂ ಕಾಣದು. ನನಗೊಬ್ಬಳಿಗೇ ಗೊತ್ತು. ಹಿಂದೊಮ್ಮೆ ಯಜಮಾನರೇ ಹೇಳಿದ್ದರು, ಬಿದ್ದ ಫಿಲಂ ಸಿಕ್ಕಾಗಿ ಎಳೆದುಕೊಂಡರೆ ಹರಿಯುತ್ತದೆ, ದೀಪದ ಮುಂದೆ ನಿಂತರೆ ಸುಟ್ಟು ತೂತಾಗುತ್ತದೆ ಎಂದು. ನಾನು ಏನೂ ಮಾಡಬೇಕಾಗಿರಲಿಲ್ಲ ಅಕ್ಕ. ಸುಮ್ಮನೆ ಕುಂತಿದ್ದರೆ ಸಾಕಾಗಿತ್ತು. ಕಾಲನ್ನು ಒಂದಿಷ್ಟು ಅಲುಗಿಸಿದ್ದರೆ ಇನ್ನೂ ಬೇಗ. ನೀನು ನನ್ನ ಪಾದದ ಮೇಲೆ ಬಿದ್ದಿದ್ದೆ, ತಣ್ಣಗೆ, ಹಗುರವಾಗಿ. ನಾನು ಸುಮ್ಮನೇ ಕುಂತೆ. ಎಷ್ಟು ಹೊತ್ತು ಎಂದು ಹೇಳಲಾರೆ.

ಆಗ ರಂಜಿನಿ ಬಿಕ್ಕಿದಳು. ತಲೆ ಎತ್ತಿ ನೋಡಿದರೆ, ಗೋಡೆಯ ಮೇಲೆ ನೀನು ಅವಳಿಗೆ ಅನ್ನ ತಿನ್ನಿಸುತ್ತಿದ್ದೆ. ಕೂಸು ಮುಖ ತಿರುಗಿಸುತ್ತದೆ, ನೀನು ಬಗ್ಗಿ ಏನೋ ಹೇಳುತ್ತೀಯ, ಅದು ಬಾಯಿ ತೆರೆಯುತ್ತದೆ. ಚಾಪೆಯ ಮೇಲೆ ಕುಂತ ನನ್ನ ಮಗಳೂ ಬಾಯಿ ತೆರೆದಿದ್ದಳು. ಮೂವತ್ತು ದಾಟಿದವಳು, ದಿನಾ ರೋಗಿಗಳಿಗೆ ಸೂಜಿ ಚುಚ್ಚುವವಳು, ಕೂಸಿನ ಹಾಗೆ ಬಾಯಿ ತೆರೆದು ಕುಂತಿದ್ದಳು.

ಯಜಮಾನರಿಗೆ ಅಷ್ಟರಲ್ಲಿ ಗೊತ್ತಾಗಿ ಸ್ವಿಚ್ಚಿಗೆ ಕೈ ಹಾಕಿದರು. "ನಿಲ್ಲುಸ್ಬ್ಯಾಡಿ" ಎಂದೆ. "ಬೆಲ್ಟ್ ಜಾರೋಗದೆ ಕನಮ್ಮಿ" ಎಂದರು. "ನಾ ಸುತ್ತೀನಿ ಬುಡಿ. ಮಗ ನೋಡ್ಲಿ. ನೀವ್ ಸುಮ್ನೆ ಕುಂತ್ಕಳಿ" ಎಂದು ಚಕ್ರಕ್ಕೆ ಬೆರಳು ಕೊಟ್ಟೆ. ಬಿದ್ದದ್ದನ್ನು ಒಂದು ಕೈಯಲ್ಲಿ ಬಿಡಿಸಿ, ಇನ್ನೊಂದು ಕೈಯಲ್ಲಿ ತಟ್ಟೆಯನ್ನು ತಿರುಗಿಸುತ್ತ ಹೋದೆ. ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ಬೀಳುತ್ತದೆ. ಅಂಚು ಬೆರಳನ್ನು ಕೊಯ್ಯಿತು. ಅವಳ ಅಳು ನಿಲ್ಲಲಿಲ್ಲ. "ಅಳ್ಬ್ಯಾಡ ಕಣ್ ಮಗ" ಎಂದೆ. "ನೋಡು, ಸರ್ಯಾಗ್ ನೋಡ್ಕೊ. ಯಾಕ್ ಅಳ್ತೀಯೆ ನನ್ ಚಿನ್ನ. ತಿನ್ನು ಅಂತಾವ್ಳೆ ನೋಡು. ಆ ಅನ್ನು ಅಂತಾವ್ಳೆ." ಹೀಗೇ ಏನೇನೋ, ಬಾಯಿಗೆ ಬಂದದ್ದು. ನಿನ್ನ ಸುರುಳಿ ಮುಗಿಯುವವರೆಗೂ ನಾನು ಸುತ್ತುತ್ತಲೇ ಇದ್ದೆ, ಮಾತಾಡುತ್ತಲೇ ಇದ್ದೆ. ನಿನ್ನ ಮುಖ ನೋಡುವುದಕ್ಕೆ ನನಗೆ ಪುರುಸೊತ್ತೇ ಆಗಲಿಲ್ಲ.

ದೀಪ ಹಾಕಿದ ಮೇಲೆ ರಂಜಿನಿ ಎದ್ದು ಬಂದು ನನ್ನ ಬೆರಳು ನೋಡಿ, ಚೀಲದಿಂದ ಬ್ಯಾಂಡೇಜು ತೆಗೆದು ಸುತ್ತಿದಳು. ನಿನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಲಿಲ್ಲ ಎಂದೇ ನನಗೆ ಇನ್ನೂ ಹೆದರಿಕೆಯಾಯಿತು. ಮನಸ್ಸಿನಲ್ಲಿ ನಿನ್ನನ್ನು ಇಟ್ಟುಕೊಂಡು ಹೊರಗೆ ನನಗೆ ಉಪಚಾರ ಮಾಡುತ್ತಿದ್ದಾಳೆ ಅನ್ನಿಸಿತು. ಸಂಜೆ ಬಸ್ಸಿಗೆ ಹೊರಟಾಗಲೂ ಅವಳ ಕೈ ಮೊಬೈಲಿನ ಮೇಲೇ ಇತ್ತು. ನಿನ್ನನ್ನು ಅಂಗೈಯಲ್ಲಿ ಇಟ್ಟುಕೊಂಡು ಹೋದಳು. ಇನ್ನು ಬೇಕಾದಾಗ ನೀನು, ಹಬ್ಬಕ್ಕೆ ನಾನು ಎಂದುಕೊಂಡೆ.

ಕೊಳ್ಳೇಗಾಲದಲ್ಲಿ ಇಳಿದು ನಿಮ್ಮಣ್ಣನ ಮನೆಗೆ ಹೋಗಿದ್ದಾಳೆ. ಶಾಂತಮೂರ್ತಿಯವರು ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಅವರ ಕಣ್ಣಿಗೆ ಮೊಬೈಲು ಹಿಡಿದು ತೋರಿಸಿದ್ದಾಳೆ. ಅಲ್ಲಿಂದಲೇ ನನಗೆ ಫೋನು ಬಂತು.

"ಅವ್ವ, ಮಾವ ಅಳ್ತಾವ್ರೆ" ಎಂದಳು.

"ಅಳ್ದೆ ಏನ್ ಮಾಡಾರು, ಒಡುಟ್ಟುದ್ ತಂಗಿ" ಎಂದೆ.

"ಅದಲ್ಲ ಕಣವ್ವ. ನೀನ್ ಮಾತಾಡಿದ್ದೆಲ್ಲ ಇದ್ರಲ್ಲಿ ಬಂದ್ಬುಟ್ಟದೆ. ಅಮ್ಮ ಅನ್ನ ತಿನ್ನುಸ್ತಾವ್ಳೆ, ನಿನ್ ದನಿ ಕೇಳ್ತದೆ. ಅಮ್ಮನ್ ಬಾಯಿಗೂ ನಿನ್ ಮಾತ್ಗೂ ಸರ್ಯಾಗ್ ಕೂತ್ಬುಟ್ಟದೆ. ಮಾವ ಅದು ಅಮ್ಮನ್ ದನಿ ಅನ್ಕೊಂಡವ್ರೆ. 'ನನ್ ತಂಗಿ ದನಿ ಅಂಗೇ ಅದೆ, ಒಂಚೂರೂ ಬದ್ಲಾಗಿಲ್ಲ' ಅಂತ ಅಳ್ತಾವ್ರೆ. ಏನ್ ಮಾಡ್ಲಿ? ಅದು ನಮ್ಮವ್ವನ್ ದನಿ ಅಂತ ಹೇಳ್ಬುಡ್ಲಾ, ಬ್ಯಾಡ್ವಾ? ನೀ ಹೇಳ್ದಂಗೆ."

ಇರು, ಆಮೇಲೆ ಮಾಡುತ್ತೇನೆ ಎಂದು ಇಟ್ಟೆ. ಮೊದಲು ಬಂದದ್ದು ಸಿಟ್ಟು. ಗಂಡನ ಮನಸ್ಸು ನಿನ್ನದು, ಮಗಳ ಹೆತ್ತ ಹೊಟ್ಟೆ ನಿನ್ನದು, ವಯಸ್ಸು ನಿನ್ನದು, ಸೀರೆ ನಿನ್ನದು. ನನ್ನದು ಎಂದು ಉಳಿದಿದ್ದ ದನಿಯನ್ನೂ ತೆಗೆದುಕೊಂಡೆಯಾ ಎಂದು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಯಜಮಾನರು ನಡುಮನೆಯಲ್ಲಿ ಮಿಷನ್ನಿನ ಮುಂದೆ ಕುಂತು ಫಿಲಮ್ಮನ್ನು ಹಿಂದಕ್ಕೆ ಸುತ್ತುತ್ತಿದ್ದರು. ಹೋಗಿ ಎದುರಿಗೆ ನಿಂತು ಕೇಳಿದೆ, "ಅಕ್ಕನ್ ದನಿ ಯಂಗಿತ್ತು?"

ಅವರು ಕೈ ನಿಲ್ಲಿಸಿದರು. ಗೋಡೆಯ ಕಡೆ ನೋಡಿದರು, ಸೂರಿನ ಕಡೆ ನೋಡಿದರು. ತುಂಬ ಹೊತ್ತು ಹುಡುಕಿದರು, ಅಕ್ಕ. ನಾನು ನಿಂತೇ ಇದ್ದೆ. ಕೊನೆಗೆ ಕನ್ನಡಕ ತೆಗೆದು, "ಬತ್ತಾ ಇಲ್ಲ ಕನಮ್ಮಿ. ಎಷ್ಟ್ ನೆನುಸ್ಕಂಡ್ರೂ ನಿನ್ ದನಿನೇ ಬತ್ತದೆ" ಎಂದರು.

ಸುಳ್ಳು ಹೇಳುವುದಿಲ್ಲ. ನನಗೆ ಖುಷಿಯಾಯಿತು. ಹೊಟ್ಟೆಯೊಳಗೆ ಬೆಲ್ಲ ಕರಗಿದ ಹಾಗಾಯಿತು. ಅಡುಗೆಮನೆಗೆ ಹೋಗಿ ಒಬ್ಬಳೇ ನಿಂತು ಆ ಖುಷಿಯನ್ನು ಪೂರ್ತಿ ಅನುಭವಿಸಿದೆ. ಇಷ್ಟು ವರ್ಷ ಏನೂ ಕೇಳದೆ, ಜಗಳ ಆಡದೆ, ದಿನಾ ಮಾತಾಡಿ ಮಾತಾಡಿಯೇ ನಿನ್ನನ್ನು ಅವರ ಕಿವಿಯಿಂದ ಅಳಿಸಿದ್ದೆ. ಮುದ್ದೆ ಆಯಿತು ಬನ್ನಿ, ನೀರು ಬಂತು ಹಿಡೀರಿ, ಕೊಟ್ಟಿಗೆ ಬಾಗಿಲು ನೋಡಿ, ಇಂಥ ಮಾತುಗಳೇ ನಿನ್ನ ಮೇಲೆ ಒಂದೊಂದು ಹಿಡಿ ಮಣ್ಣಾಗಿ ಬಿದ್ದಿದ್ದವು.

ಆ ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೋಡೆಯ ಮೇಲೆ ನೀನು ಎಷ್ಟು ಮಾತಾಡುತ್ತೀಯ. ಟ್ರ್ಯಾಕ್ಟರಿನ ಹಿಂದೆ ಓಡುವಾಗ, ಬೆಟ್ಟದ ಮೆಟ್ಟಿಲಲ್ಲಿ, ಕೂಸಿನ ಮುಂದೆ. ಅದರಲ್ಲಿ ಒಂದು ಮಾತನ್ನಾದರೂ ಹೀಗೆ ಅಂದಳು ಎಂದು ಹೇಳುವವರು ಈ ಭೂಮಿಯ ಮೇಲೆ ಯಾರೂ ಉಳಿದಿಲ್ಲ. ಅತ್ತೆ ಹೋದರು. ಗಂಡನಿಗೆ ನೆನಪಿಲ್ಲ. ಮಗಳಿಗೆ ಗೊತ್ತೇ ಇಲ್ಲ. ಒಡಹುಟ್ಟಿದ ಅಣ್ಣ ಬೇರೆಯವಳ ದನಿ ಕೇಳಿ ನಿನ್ನದೆಂದು ಅಳುತ್ತಾರೆ. ಯಜಮಾನರು ತೋಳು ಎಷ್ಟೇ ಉದ್ದ ಮಾಡಿದರೂ ಅದು ಬರುವುದಿಲ್ಲ.

ರಂಜಿನಿಗೆ ಫೋನು ಮಾಡಿದೆ. "ಹೇಳ್ಬ್ಯಾಡ ಮಗ" ಎಂದೆ. "ಇನ್ನೊಂದ್ಸಲ ಆಕ್ ತೋರ್ಸು. ದನಿ ಜೋರು ಮಾಡು, ಅವ್ರ್ಗೆ ಕಿವಿ ಮಂದ."

"ನಿಂಗ್ ಬ್ಯಾಸ್ರ ಇಲ್ವಾ ಅವ್ವ?"

"ಅದೆ" ಎಂದೆ. "ಆದ್ರೂ ಆಕು."

ನೀನು ತಪ್ಪು ತಿಳಿಯಬೇಡ ಅಕ್ಕ. ದನಿಯನ್ನು ಕೊಟ್ಟದ್ದು ಹಾಸಿಗೆ ಹಿಡಿದ ನಿಮ್ಮಣ್ಣನಿಗೆ, ನಿನಗಲ್ಲ. ಅವರ ಕಾಲ ಮುಗಿಯುವವರೆಗೆ ನನ್ನ ಮಾತಿನಲ್ಲಿ ಅವರ ಮುಂದೆ ನೀನು ನಗು, ಮಾತಾಡು, ಬೇಡ ಎನ್ನುವುದಿಲ್ಲ. ಈ ಮನೆಗೆ ಮಾತ್ರ ಬಾಯಿ ಮುಚ್ಚಿಕೊಂಡೇ ಬಾ. ಅದು ಯಾರ ದನಿ ಎಂದು ಕೇಳದೆ ಗುರುತು ಹಿಡಿದವಳು ಒಬ್ಬಳಿದ್ದಾಳೆ. ಹೇಳಲೋ ಬೇಡವೋ ಎಂದು ಅವಳು ಕೇಳಿದ್ದು ನನ್ನನ್ನು. ಹೆಚ್ಚಿಗೆ ಬರೆದರೆ ನನಗೆ ಜಂಬ ಬರುತ್ತದೆ, ಇಲ್ಲಿಗೆ ಬಿಡುತ್ತೇನೆ.

ನಿನ್ನ ಮೇಲಿನ ಹೊಟ್ಟೆಕಿಚ್ಚು ಹೋಗಿದೆ ಎಂದು ನಾನು ಬರೆಯುವುದಿಲ್ಲ. ಇವತ್ತು ಬೆಳಿಗ್ಗೆಯೂ ಇತ್ತು. ಆದರೂ ಮಾದಪ್ಪನಲ್ಲಿ ನಿನಗಾಗಿ ಒಂದು ಕೇಳಿಕೊಂಡಿದ್ದೇನೆ, ಮನಸ್ಸಿಟ್ಟೇ ಕೇಳಿಕೊಂಡಿದ್ದೇನೆ. ಮತ್ತೆ ಹುಟ್ಟುವುದಿದ್ದರೆ ಬೇರೆ ಯಾರದಾದರೂ ಮನೆಗೆ ಸೊಸೆಯಾಗಿ ಹೋಗು. ಅಲ್ಲಿ ನೂರು ವರ್ಷ ಬಾಳು. ಕೂದಲು ಹಣ್ಣಾಗಲಿ, ಹಲ್ಲು ಬೀಳಲಿ, ಮಂಡಿ ನೋಯಲಿ, ನಿನ್ನ ಮಾತು ಕೇಳಿ ಕೇಳಿ ಮೊಮ್ಮಕ್ಕಳಿಗೆ ಸಾಕಾಗಿಹೋಗಲಿ.

ಇಂತಿ,
ರಂಜಿನಿಯ ಅವ್ವ
ಪುಟ್ಟಮಲ್ಲಮ್ಮ